ಲಾರಿಗೆ ಯಾವ ಪಿಟಿಒ: ಕೆಲಸ ನೋಡಿ ಆರಿಸುವ ಬಗೆ

ಒಂದೇ ಮಾದರಿಯ ಎರಡು ಚಾಸಿಗಳಿವೆ ಎಂದುಕೊಳ್ಳಿ. ಎಂಜಿನ್ ಒಂದೇ, ಗೇರ್‌ಬಾಕ್ಸ್ ಒಂದೇ. ಒಂದರ ಮೇಲೆ ಟಿಪ್ಪರ್ ತೊಟ್ಟಿ ಕೂರುತ್ತದೆ, ಇನ್ನೊಂದರ ಮೇಲೆ ಕಾಂಕ್ರೀಟ್ ಮಿಕ್ಸರ್ ಡ್ರಮ್. ಟಿಪ್ಪರ್‌ಗೆ ಗೇರ್‌ಬಾಕ್ಸಿನ ಪಕ್ಕಕ್ಕೆ ಬೋಲ್ಟ್ ಬಿಗಿದು ಕೂರಿಸುವ ಸಾದಾ ಪಿಟಿಒ (ಪವರ್ ಟೇಕ್ ಆಫ್, ಅಂದರೆ ಎಂಜಿನ್ ಶಕ್ತಿಯನ್ನು ಉಪಕರಣಕ್ಕೆ ಎಳೆದುಕೊಡುವ ಗೇರ್ ಪೆಟ್ಟಿಗೆ) ಸಾಕು, ವರ್ಷಗಟ್ಟಲೆ ತಕರಾರಿಲ್ಲದೆ ದುಡಿಯುತ್ತದೆ. ಅದನ್ನೇ ಮಿಕ್ಸರಿಗೂ ಹಾಕಿದರೆ ಚಾಲಕ ಗೇರ್ ಬದಲಿಸಲು ಕ್ಲಚ್ ಒತ್ತಿದಾಗಲೆಲ್ಲ ಡ್ರಮ್ ತಡವರಿಸುತ್ತದೆ. ಸಿಗ್ನಲ್ಲಿನಲ್ಲಿ ಗೇರ್ ಹಾಕಿ ಕ್ಲಚ್ ಒತ್ತಿಕೊಂಡೇ ಕಾದರೆ ನಿಂತೇ ಬಿಡುತ್ತದೆ. ಒಳಗಿರುವುದು ಹಸಿ ಕಾಂಕ್ರೀಟ್. ತಿರುಗುವುದು ನಿಂತರೆ ಜಲ್ಲಿ ತಳ ಸೇರುತ್ತದೆ, ಮಾಲು ಬಿಗಿಯತೊಡಗುತ್ತದೆ.

ಪಿಟಿಒ ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಎಷ್ಟು ಹಾರ್ಸ್‌ಪವರ್ ಎಂದು. ನನ್ನ ಅನುಭವದಲ್ಲಿ ಅದು ಮೂರನೆಯ ಪ್ರಶ್ನೆ. ಮೊದಲನೆಯದು, ಲಾರಿ ಓಡುತ್ತಿರುವಾಗಲೂ ಉಪಕರಣ ಕೆಲಸ ಮಾಡಬೇಕೇ? ಎರಡನೆಯದು, ಒಂದು ಸಲಕ್ಕೆ ಎಷ್ಟು ಹೊತ್ತು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ. ಇವನ್ನು ಕೇಳಬೇಕಾದ ಹೊತ್ತೂ ಮುಖ್ಯ. ಚಾಸಿಗೆ ಆರ್ಡರ್ ಕೊಡುವ ಮುನ್ನವೇ ಕೇಳಿಕೊಳ್ಳಬೇಕು, ಏಕೆಂದರೆ ಕೆಲವು ಬಗೆಯ ಪಿಟಿಒಗಳನ್ನು ಕಾರ್ಖಾನೆಯಲ್ಲಿ ಎಂಜಿನ್ ಕಟ್ಟುವಾಗಲೇ ಸೇರಿಸಬೇಕಾಗುತ್ತದೆ. ಲಾರಿ ಕೈಗೆ ಬಂದ ಮೇಲೆ ಬೇಕು ಎಂದರೆ ಆಗದ ಮಾತು, ಆದರೂ ದುಬಾರಿಯ ಮಾತು.

ಪಿಟಿಒ ಮಾಡುವ ಕೆಲಸವೇನು

ಪವರ್ ಟೇಕ್ ಆಫ್ ಎಂದರೆ ಚಕ್ರಕ್ಕೆ ಹೋಗುವ ಎಂಜಿನ್ ಶಕ್ತಿಯಲ್ಲಿ ಒಂದು ಪಾಲನ್ನು ಬೇರೆ ಕಡೆಗೆ ಎಳೆದುಕೊಳ್ಳುವ ಗೇರುಗಳ ಪೆಟ್ಟಿಗೆ. ಅದರ ಹೊರ ಶಾಫ್ಟಿಗೆ ಹೈಡ್ರಾಲಿಕ್ ಪಂಪ್, ನೀರಿನ ಪಂಪ್, ವ್ಯಾಕ್ಯೂಮ್ ಪಂಪ್, ಬ್ಲೋವರ್, ಕಂಪ್ರೆಸರ್, ಜನರೇಟರ್, ವಿಂಚ್ ಹೀಗೆ ಏನನ್ನಾದರೂ ಜೋಡಿಸಬಹುದು. ಟ್ರ್ಯಾಕ್ಟರ್ ಬಳಸಿದವರಿಗೆ ಇದು ಹೊಸದಲ್ಲ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಟ್ರ್ಯಾಕ್ಟರಿನ ಹಿಂಬದಿ ಶಾಫ್ಟಿಗೆ 540, 1000 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಎಂಬ ಒಪ್ಪಿತ ವೇಗಗಳಿವೆ. ಯಾವ ರೋಟವೇಟರ್ ತಂದು ಜೋಡಿಸಿದರೂ ಹೊಂದುತ್ತದೆ. ಲಾರಿಯಲ್ಲಿ ಅಂಥ ಒಪ್ಪಂದವಿಲ್ಲ. ವೇಗವೂ ತಿರುಗುವ ದಿಕ್ಕೂ ನೀವು ಆರಿಸುವ ಪಿಟಿಒ ಮತ್ತು ಅದು ಕೂರುವ ಗೇರ್‌ಬಾಕ್ಸ್ ಎರಡನ್ನೂ ಅವಲಂಬಿಸಿರುತ್ತವೆ. ಹಾಗಾಗಿ ಪಕ್ಕದ ಲಾರಿಯಲ್ಲಿ ಚೆನ್ನಾಗಿ ನಡೆಯುತ್ತಿದೆ ಎಂಬ ಕಾರಣಕ್ಕೆ ಅದೇ ಪಂಪನ್ನು ತಂದು ಹಾಕುವಂತಿಲ್ಲ.

ಗೇರ್‌ಬಾಕ್ಸ್ ಪಿಟಿಒ: ನಿಂತು ಮಾಡುವ ಕೆಲಸಕ್ಕೆ

ಹೆಚ್ಚು ಬಳಕೆಯಲ್ಲಿರುವುದು ಇದೇ. ಗೇರ್‌ಬಾಕ್ಸಿನ ಪಕ್ಕದಲ್ಲೋ ಕೆಳಗೋ ಒಂದು ಮುಚ್ಚಳವಿರುತ್ತದೆ. ಅದನ್ನು ತೆಗೆದರೆ ಒಳಗಿನ ಲೇ ಶಾಫ್ಟಿನ, ಅಂದರೆ ಕ್ಲಚ್ಚಿನಿಂದ ಬಂದ ಶಕ್ತಿಯನ್ನು ಬೇರೆ ಬೇರೆ ಗೇರುಗಳಿಗೆ ದಾಟಿಸುವ ನಡುವಿನ ಶಾಫ್ಟಿನ, ಗೇರು ಕಾಣುತ್ತದೆ. ಪಿಟಿಒದ ಗೇರು ಅದಕ್ಕೆ ಕಚ್ಚಿಕೊಳ್ಳುವಂತೆ ಕೂರಿಸಿ ಬೋಲ್ಟ್ ಬಿಗಿಯುತ್ತಾರೆ. ಈ ಕಿಂಡಿಗೆ 6 ಬೋಲ್ಟ್, 8 ಬೋಲ್ಟ್ ಎಂಬ ಎರಡು ಅಳತೆಗಳು ಬಹಳ ಕಡೆ ಚಾಲ್ತಿಯಲ್ಲಿವೆ. ಕೆಲವು ದೊಡ್ಡ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ 10 ಬೋಲ್ಟಿನದು ಬರುತ್ತದೆ. ಸ್ಥೂಲವಾಗಿ 6 ಬೋಲ್ಟಿನವು 300 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ (ತಿರುಗಿಸುವ ಬಲ) ಬೇಡುವ ಕೆಲಸಕ್ಕೆ, 8 ಬೋಲ್ಟಿನವು ಅದರ ಒಂದೂವರೆ ಎರಡು ಪಟ್ಟಿಗೆ. ಯುರೋಪಿನ ಗೇರ್‌ಬಾಕ್ಸುಗಳಲ್ಲಿ ಪಿಟಿಒ ಹಿಂಬದಿಯಲ್ಲಿ, ಲೇ ಶಾಫ್ಟಿನ ತುದಿಗೇ ಜೋಡಣೆಯಾಗುವುದು ಹೆಚ್ಚು. ಗಟ್ಟಿಮುಟ್ಟಿನಲ್ಲಿ ಅದು ಪಕ್ಕದ ಪಿಟಿಒಗಿಂತ ಒಂದು ಕೈ ಮೇಲು.

ಲೇ ಶಾಫ್ಟ್ ತಿರುಗಬೇಕಾದರೆ ಕ್ಲಚ್ ಪೆಡಲ್ ಬಿಟ್ಟಿರಬೇಕು. ಕ್ಲಚ್ ಒತ್ತಿದರೆ ಪಿಟಿಒ ನಿಲ್ಲುತ್ತದೆ. ಆದ್ದರಿಂದ ಟಿಪ್ಪರ್, ಕ್ರೇನ್, ನಿಂತಲ್ಲಿ ಖಾಲಿ ಮಾಡುವ ಟ್ಯಾಂಕರ್, ಕೊಳಚೆ ಹೀರುವ ಲಾರಿ, ಹೀಗೆ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿ ಮಾಡುವ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಬೆಲೆ ಕಡಿಮೆ, ಆಮೇಲೆ ಕೂರಿಸುವುದೂ ಸುಲಭ, ಬಿಡಿಭಾಗ ಸಿಗುವುದೂ ಸುಲಭ.

ಕೂರಿಸುವ ಕೈ ಮಾತ್ರ ಚೆನ್ನಾಗಿರಬೇಕು. ಎರಡು ಗೇರುಗಳ ಹಲ್ಲಿನ ನಡುವೆ ಸ್ವಲ್ಪ ಸಡಿಲ ಬಿಡಬೇಕು; ಪಕ್ಕದ ಪಿಟಿಒಗಳಿಗೆ ಸಾಮಾನ್ಯವಾಗಿ 0.15ರಿಂದ 0.30 ಮಿಲಿಮೀಟರ್. ನಡುವೆ ಹಾಕುವ ಪ್ಯಾಕಿಂಗ್ ಹಾಳೆಗಳನ್ನು ಹೆಚ್ಚು ಕಡಿಮೆ ಮಾಡಿ ಇದನ್ನು ಹೊಂದಿಸುತ್ತಾರೆ. ಬಿಗಿಯಾದರೆ ಸೀಟಿ ಊದಿದಂಥ ಸದ್ದು, ಸಡಿಲವಾದರೆ ಕಟಕಟ ಸದ್ದು. ಡಯಲ್ ಗೇಜ್ ಇಟ್ಟು ಅಳೆಯುವುದು ಹತ್ತು ನಿಮಿಷದ ಕೆಲಸ. ಕೈಯಲ್ಲೇ ಅಲ್ಲಾಡಿಸಿ ನೋಡಿ ಸರಿ ಇದೆ ಎನ್ನುವ ಫಿಟ್ಟರ್‌ಗೆ ಗೇಜ್ ಇಡಿ ಎಂದು ದಯವಿಟ್ಟು ಹೇಳಿ. ಈ ಅಳತೆ ತಪ್ಪಿದರೆ ಸವೆಯುವುದು ಪಿಟಿಒ ಮಾತ್ರವಲ್ಲ, ಗೇರ್‌ಬಾಕ್ಸಿನ ಒಳಗಿನ ಗೇರು ಕೂಡ. ಅದನ್ನು ಬದಲಿಸಲು ಇಡೀ ಗೇರ್‌ಬಾಕ್ಸ್ ಇಳಿಸಬೇಕು.

ಈಗ ಹೆಚ್ಚುತ್ತಿರುವ ಎಎಂಟಿ (ಕ್ಲಚ್ಚನ್ನೂ ಗೇರನ್ನೂ ತಾನೇ ಬದಲಿಸುವ) ಗೇರ್‌ಬಾಕ್ಸ್ ಇದ್ದರೆ ಇನ್ನೊಂದು ವಿಷಯ ಕೇಳಿಕೊಳ್ಳಿ. ಸ್ಪ್ಲಿಟರ್, ಅಂದರೆ ಒಂದೊಂದು ಗೇರನ್ನೂ ಎರಡಾಗಿ ಒಡೆಯುವ ಜೋಡಿ ಗೇರು, ಇರುವ ಗೇರ್‌ಬಾಕ್ಸಿನಲ್ಲಿ ಲೇ ಶಾಫ್ಟಿಗೆ ಎರಡು ವೇಗ. ಸ್ಪ್ಲಿಟರ್ ಯಾವ ಸ್ಥಾನದಲ್ಲಿದೆ ಎಂಬುದರ ಮೇಲೆ ಪಿಟಿಒ ವೇಗವೂ ಬದಲಾಗುತ್ತದೆ. ಒಳ್ಳೆಯದಕ್ಕೂ ಬಳಸಬಹುದು, ಗೊತ್ತಿಲ್ಲದಿದ್ದರೆ ಪಂಪ್ ಹಾಳಾಗಲೂಬಹುದು. ಆಟೊಮ್ಯಾಟಿಕ್ ಆದರೆ ಪಿಟಿಒ ಗೇರು ಟಾರ್ಕ್ ಕನ್ವರ್ಟರಿನ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಎಂಜಿನ್ ಕಡೆಗೆ ಸೇರಿದೆಯೋ ಟರ್ಬೈನ್ ಕಡೆಗೋ, ಅಂದರೆ ಗೇರ್‌ಬಾಕ್ಸ್ ಕಡೆಗೋ, ಎಂದು ತಿಳಿಯಬೇಕು. ಎಂಜಿನ್ ಕಡೆಗಾದರೆ ಲಾರಿ ಓಡುವಾಗಲೂ ಪಿಟಿಒ ಬಿಡದೆ ತಿರುಗುತ್ತದೆ. ಟರ್ಬೈನ್ ಕಡೆಗಾದರೆ ಲಾರಿ ಗೇರಿನಲ್ಲಿ ನಿಂತ ಕ್ಷಣ ಪಿಟಿಒ ಕೂಡ ನಿಲ್ಲುತ್ತದೆ.

ಎಂಜಿನ್ ಪಿಟಿಒ: ಓಡುತ್ತಲೇ ಮಾಡುವ ಕೆಲಸಕ್ಕೆ

ಇದು ಕ್ಲಚ್ಚಿನ ಹಂಗಿಲ್ಲದ ಬಗೆ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಶಕ್ತಿ ಸಿಗುತ್ತದೆ. ಇದರಲ್ಲಿ ಮೂರು ಜಾಗಗಳಿವೆ. ಎಂಜಿನ್ನಿನ ಹಿಂಭಾಗದ ಟೈಮಿಂಗ್ ಗೇರುಗಳಿಂದ ತೆಗೆಯುವುದು ಒಂದು. ಫ್ಲೈವೀಲಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಪೆಟ್ಟಿಗೆ ಸೇರಿಸಿ ತೆಗೆಯುವುದು ಇನ್ನೊಂದು. ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿಯಿಂದ, ರೇಡಿಯೇಟರಿನ ಕೆಳಗೆ ಒಂದು ಶಾಫ್ಟ್ ಹಾಯಿಸಿ, ಬಂಪರ್ ಹತ್ತಿರ ಪಂಪ್ ಕೂರಿಸುವುದು ಮೂರನೆಯದು.

ಮೊದಲ ಎರಡನ್ನು ಚಾಸಿ ಆರ್ಡರ್ ಮಾಡುವಾಗಲೇ ಹೇಳಬೇಕು. ಮುಂದಿನ ತುದಿಯದನ್ನು ಆಮೇಲೂ ಕೂರಿಸಬಹುದು. ಆದರೆ ಬಂಪರ್ ಮುಂದಕ್ಕೆ ಚಾಚುತ್ತದೆ, ರೇಡಿಯೇಟರಿಗೆ ಜಾಗ ಬಿಡಬೇಕಾಗುತ್ತದೆ, ಎಂಜಿನ್ ಮೌಂಟಿಂಗ್ ಮೇಲೆ ಅಲುಗಾಡುವಾಗ ಶಾಫ್ಟಿಗೆ ತೊಂದರೆಯಾಗದಂತೆ ಕೋನ ಹೊಂದಿಸಬೇಕು.

ಮಿಕ್ಸರಿಗೆ ಇದೇ ಸರಿ. ಸಾಗಿಸುವಾಗ ಡ್ರಮ್ ನಿಮಿಷಕ್ಕೆ 2ರಿಂದ 6 ಸುತ್ತು ನಿಧಾನವಾಗಿ ತಿರುಗುತ್ತಿರಬೇಕು, ಕಲಸುವಾಗ 6ರಿಂದ 18. ಎಂಜಿನ್ ವೇಗ ರಸ್ತೆಯ ಏರಿಳಿತಕ್ಕೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. ಆದರೂ ಡ್ರಮ್ಮಿನ ವೇಗ ಒಂದೇ ಸಮ ಇರಬೇಕು. ಅದಕ್ಕೇ ಇಲ್ಲಿ ಹರಿವು ಹೆಚ್ಚು ಕಡಿಮೆ ಮಾಡಬಲ್ಲ ಪಿಸ್ಟನ್ ಪಂಪ್, ಹೈಡ್ರಾಲಿಕ್ ಮೋಟರ್, ಡ್ರಮ್ಮಿಗೆ ಒಂದು ಗೇರ್‌ಬಾಕ್ಸ್ ಎಂಬ ಜೋಡಿ. ಓಡುತ್ತಲೇ ಕಸ ಒತ್ತುವ ಕಾಂಪ್ಯಾಕ್ಟರ್ ಲಾರಿಗಳಿಗೂ ಓಡುತ್ತಲೇ ನೀರು ಚಿಮ್ಮಬೇಕಾದ ವಾಹನಗಳಿಗೂ ಇದೇ ದಾರಿ.

ಎಂಜಿನ್ ಪಿಟಿಒ ಆರಿಸಿದವರು ಎಡವುವ ಜಾಗ ಒಂದಿದೆ. ಗೇರ್‌ಬಾಕ್ಸ್ ಪಿಟಿಒದಲ್ಲಿ ಕೆಲಸದ ವೇಗ, ಅಂದರೆ 1000 ಅಥವಾ 1200 ಆರ್‌ಪಿಎಂ ಲೆಕ್ಕ ಹಾಕಿ ಪಂಪ್ ಆರಿಸುತ್ತೇವೆ. ಎಂಜಿನ್ ಪಿಟಿಒಗೆ ಆ ಲೆಕ್ಕ ಸಾಲದು. ಲಾರಿ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿನಲ್ಲಿ ಇಳಿಯುವಾಗ ಎಂಜಿನ್ 2300 ಮುಟ್ಟಬಹುದು. ಅನುಪಾತ, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಪಿಟಿಒ ಸುತ್ತುವ ಲೆಕ್ಕ, 1.2 ಇದ್ದರೆ ಪಂಪ್ 2760 ಸುತ್ತುತ್ತದೆ. ಪಂಪಿನ ಮಿತಿ 2500 ಎಂದಿದ್ದರೆ ಪ್ರತಿ ಇಳಿಜಾರಿನಲ್ಲೂ ಅದರ ಆಯುಷ್ಯ ಸ್ವಲ್ಪ ಸ್ವಲ್ಪ ಹೋಗುತ್ತದೆ. ಇಲ್ಲಿ ಎಂಜಿನ್ನಿನ ಗರಿಷ್ಠ ವೇಗ ಹಿಡಿದು ಲೆಕ್ಕ ಹಾಕಬೇಕು. ಜೊತೆಗೆ, ಕೆಲಸವಿಲ್ಲದಾಗಲೂ ಪಂಪ್ ತಿರುಗುತ್ತಿರುವುದರಿಂದ ಹೊರೆ ಇಳಿಸುವ ವ್ಯವಸ್ಥೆ ಬೇಕು. ಒಂದೋ ಹರಿವನ್ನು ಸೊನ್ನೆಗೆ ತರಬಲ್ಲ ಪಂಪ್ ಇರಬೇಕು, ಇಲ್ಲವೇ ಪಂಪನ್ನು ಬಿಡಿಸುವ ಕ್ಲಚ್ ಪಿಟಿಒದಲ್ಲೇ ಇರಬೇಕು.

ಸ್ಪ್ಲಿಟ್ ಶಾಫ್ಟ್: ಎಂಜಿನ್ನಿನ ಇಡೀ ಬಲ ಬೇಕಾದಾಗ

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ನಡುವೆ ಕತ್ತರಿಸಿ, ಅಲ್ಲಿ ಒಂದು ದೊಡ್ಡ ಗೇರ್ ಪೆಟ್ಟಿಗೆ ಕೂರಿಸುತ್ತಾರೆ. ಒಂದು ಸ್ಥಾನದಲ್ಲಿ ಶಕ್ತಿ ನೇರ ಚಕ್ರಕ್ಕೆ ಹೋಗುತ್ತದೆ. ಇನ್ನೊಂದು ಸ್ಥಾನದಲ್ಲಿ ಚಕ್ರದ ಸಂಪರ್ಕ ಕಡಿದು ಅಷ್ಟೂ ಶಕ್ತಿ ಉಪಕರಣಕ್ಕೆ ಹೋಗುತ್ತದೆ. ಲಾರಿ ನಿಲ್ಲಿಸಿ, ಪೆಟ್ಟಿಗೆಯನ್ನು ಪಂಪ್ ಕಡೆಗೆ ಹಾಕಿ, ನಂತರ ಗೇರ್‌ಬಾಕ್ಸನ್ನು ಡೈರೆಕ್ಟ್ ಗೇರಿಗೆ (ಎಂಜಿನ್ ವೇಗವೇ ಹಾಗೇ ಹೊರಬರುವ ಗೇರಿಗೆ) ತಂದು ಕೆಲಸ ಶುರು ಮಾಡುವುದು ಕ್ರಮ. ಬೋರ್‌ವೆಲ್ ರಿಗ್, ದೊಡ್ಡ ವ್ಯಾಕ್ಯೂಮ್ ಬ್ಲೋವರ್, ಅತಿ ಒತ್ತಡದ ನೀರಿನ ಜೆಟ್, ದೊಡ್ಡ ಅಗ್ನಿಶಾಮಕ ಪಂಪ್‌ಗಳಿಗೆ ಇದು ಬೇಕಾಗುತ್ತದೆ.

ಬಲಕ್ಕೆ ಇದರ ಸಮ ಇನ್ನೊಂದಿಲ್ಲ. ತೊಡಕೂ ಅಷ್ಟೇ ಇದೆ. ಶಾಫ್ಟ್ ಎರಡು ತುಂಡಾಗಿರುವುದರಿಂದ ಹೊಸದಾಗಿ ಬ್ಯಾಲೆನ್ಸ್ ಮಾಡಿಸಬೇಕು, ಜಾಯಿಂಟುಗಳ ಕೋನ ಎರಡೂ ತುದಿಯಲ್ಲಿ ಸಮವಾಗಿರಬೇಕು, ಪೆಟ್ಟಿಗೆಯನ್ನು ಚಾಸಿಗೆ ಕಟ್ಟುವ ಬ್ರಾಕೆಟ್ ಬಾಗಬಾರದು. ಲಾರಿ ನಿಂತಿದ್ದರೂ ಗೇರ್‌ಬಾಕ್ಸ್ ತಾನು ಓಡುತ್ತಿದ್ದೇನೆ ಎಂದೇ ತಿಳಿಯುತ್ತದೆ. ವೇಗದ ಸೆನ್ಸರ್ ಗೇರ್‌ಬಾಕ್ಸಿನ ಹಿಂಬದಿಯಲ್ಲಿದ್ದರೆ ಸ್ಪೀಡೋಮೀಟರ್ ಏರುತ್ತದೆ, ಸ್ಪೀಡ್ ಲಿಮಿಟರ್ ಎಂಜಿನ್ನನ್ನು ತಡೆಯಲೂಬಹುದು. ಎಂಜಿನ್ನಿನ ಕಂಪ್ಯೂಟರಿಗೆ ಪಿಟಿಒ ಹಾಕಿದೆ ಎಂಬ ಸಂಕೇತ ಕೊಡಿಸುವುದನ್ನು ಮರೆತರೆ ಹೊಸ ಲಾರಿಯಲ್ಲಿ ಈ ತಲೆನೋವು ಖಚಿತ. ತಂಪು ಮಾಡುವ ವಿಷಯವೂ ಇದೆ. ಓಡುವ ಲಾರಿಯ ರೇಡಿಯೇಟರಿಗೆ ಎದುರು ಗಾಳಿ ಸಿಗುತ್ತದೆ. ನಿಂತು ಪೂರ್ತಿ ಬಲ ಕೊಡುವ ಲಾರಿಗೆ ಫ್ಯಾನ್ ಒಂದೇ ಗತಿ.

ಓಡುತ್ತಲೇ ಕೆಲಸ ಬೇಕು ಎನ್ನುವವರಿಗೆ ಸಾದಾ ಸ್ಪ್ಲಿಟ್ ಶಾಫ್ಟ್ ಆಗುವುದಿಲ್ಲ. ಅದು ಪಂಪನ್ನೋ ಚಕ್ರವನ್ನೋ ಒಂದನ್ನು ಮಾತ್ರ ತಿರುಗಿಸುತ್ತದೆ. ವಿಮಾನ ನಿಲ್ದಾಣದ ಅಗ್ನಿಶಾಮಕ ವಾಹನ ಉರಿಯತ್ತ ಸಾಗುತ್ತಲೇ ನೊರೆ ಚಿಮ್ಮಬೇಕು; ಅದಕ್ಕೆ ಎಂಜಿನ್ ಕಡೆಯ ಪಿಟಿಒ ಅಥವಾ ಶಕ್ತಿಯನ್ನು ಎರಡೂ ಕಡೆಗೆ ಹಂಚುವ ಪೆಟ್ಟಿಗೆಯೇ ಬೇಕು.

ಬೇರೆ ಎಂಜಿನ್, ಬೇರೆ ಮೋಟರ್

ಲಾರಿಯ ಎಂಜಿನ್ನನ್ನು ಮುಟ್ಟದೆ ಉಪಕರಣಕ್ಕೆಂದೇ ಇನ್ನೊಂದು ಡೀಸೆಲ್ ಎಂಜಿನ್ ಕೂರಿಸುವುದೂ ಒಂದು ದಾರಿ. ತೂಕ ಹೆಚ್ಚು, ಎರಡೆರಡು ಸರ್ವಿಸ್, ಎರಡೆರಡು ಫಿಲ್ಟರ್. ಆದರೂ ಸಣ್ಣ ಚಾಸಿಯ ಮೇಲೆ ದೊಡ್ಡ ಉಪಕರಣ ಕೂರಿಸುವವರಿಗೆ, ಉಪಕರಣವನ್ನು ಮುಂದೆ ಇನ್ನೊಂದು ಲಾರಿಗೆ ಎತ್ತಿಡಬೇಕೆನ್ನುವವರಿಗೆ ಇದು ಒಳ್ಳೆಯದೇ.

ಎಲೆಕ್ಟ್ರಿಕ್ ಪಿಟಿಒದಲ್ಲಿ ಬ್ಯಾಟರಿಯಿಂದ ನಡೆಯುವ ಮೋಟರ್ ನೇರವಾಗಿ ಪಂಪನ್ನು ತಿರುಗಿಸುತ್ತದೆ. ಬೀದಿ ದೀಪ, ವಿದ್ಯುತ್ ತಂತಿ ಸರಿಪಡಿಸುವ ಬಕೆಟ್ ಲಾರಿಯನ್ನು ನೋಡಿ. ಬಕೆಟ್ ಮೇಲೇರುವುದು ಅರ್ಧ ನಿಮಿಷ, ಕೆಲಸಗಾರ ಮೇಲೆ ನಿಂತು ದುಡಿಯುವುದು ಮುಕ್ಕಾಲು ಗಂಟೆ, ಅಷ್ಟು ಹೊತ್ತೂ ಕೆಳಗೆ ಎಂಜಿನ್ ಸುಮ್ಮನೆ ಉರಿಯುತ್ತಿರುತ್ತದೆ. ಇಂಥ ಕಡೆ ಎಲೆಕ್ಟ್ರಿಕ್ ಪಿಟಿಒ ತನ್ನ ಬೆಲೆಯನ್ನು ತಾನೇ ದುಡಿದುಕೊಳ್ಳುತ್ತದೆ. ಸದ್ದಿಲ್ಲದ್ದರಿಂದ ಮೇಲಿನವನ ಮಾತು ಕೆಳಗಿನವನಿಗೆ ಕೇಳುತ್ತದೆ, ಇದು ಸಣ್ಣ ಲಾಭವಲ್ಲ. ಗಂಟೆಗಟ್ಟಲೆ ಬಿಡದೆ ಬ್ಲೋವರ್ ಓಡಿಸುವ ಕೆಲಸಕ್ಕೆ ಮಾತ್ರ ಬ್ಯಾಟರಿಯ ಲೆಕ್ಕವನ್ನು ಕೂಲಂಕಷವಾಗಿ ಹಾಕಬೇಕು: 24 ಕಿಲೋವ್ಯಾಟ್ ಹೊರೆ ಎರಡು ಗಂಟೆ ನಡೆದರೆ 48 ಯೂನಿಟ್ ಹೋಯಿತು, ಅದು ಲಾರಿ ಓಡಬೇಕಾದ ದೂರದಿಂದಲೇ ಕಳೆಯುವ ಬಾಬ್ತು.

ಲೆಕ್ಕ: ಅನುಪಾತ ಬದಲಾದರೆ ಏನಾಗುತ್ತದೆ

ಇನ್ನು ಬಲದ ಪ್ರಶ್ನೆ. ಒಂದು ಉದಾಹರಣೆ ಹಿಡಿದು ನೋಡೋಣ. ಉಪಕರಣಕ್ಕೆ ನಿಮಿಷಕ್ಕೆ 72 ಲೀಟರ್ ಎಣ್ಣೆ, 200 ಬಾರ್ ಒತ್ತಡದಲ್ಲಿ ಬೇಕು. ಲೀಟರನ್ನು ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ, ಇಲ್ಲಿ 24. ಎಂಜಿನ್ 1000 ಆರ್‌ಪಿಎಂನಲ್ಲಿ ಇರಲಿ.

ಅನುಪಾತ 0.8 ಇರುವ ಪಿಟಿಒ ಆರಿಸಿದರೆ ಪಂಪ್ 800 ಸುತ್ತುತ್ತದೆ. 72 ಲೀಟರ್ ಬರಬೇಕಾದರೆ ಸುತ್ತಿಗೆ 90 ಸಿಸಿ ಪಂಪ್ ಬೇಕು. ಸಿಸಿಯನ್ನು ಬಾರ್‌ನಿಂದ ಗುಣಿಸಿ 62.8ರಿಂದ ಭಾಗಿಸಿದರೆ ಟಾರ್ಕ್: ಸುಮಾರು 286 ನ್ಯೂಟನ್ ಮೀಟರ್. ಅನುಪಾತ 1.5 ಆದರೆ ಪಂಪ್ 1500 ಸುತ್ತುತ್ತದೆ, 48 ಸಿಸಿ ಸಾಕು, ಟಾರ್ಕ್ 153. ಕೆಲಸ ಅದೇ, ಎಣ್ಣೆ ಅಷ್ಟೇ, ಆದರೆ ಪಿಟಿಒದ ಹೊರ ಶಾಫ್ಟಿನ ಮೇಲಿನ ಹೊರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಪಂಪಿನ ಒಳಗಿನ ಸೋರಿಕೆ, ತಿಕ್ಕಾಟದ ನಷ್ಟ ಸೇರಿಸಿದರೆ ಇನ್ನೂ ಹತ್ತು ಹದಿನೈದು ಶೇಕಡಾ ಹೆಚ್ಚು ಹಿಡಿಯಿರಿ.

ಹಾಗಾದರೆ ಯಾವಾಗಲೂ ಹೆಚ್ಚಿನ ಅನುಪಾತವೇ ಸರಿಯೇ? ಅಲ್ಲ. ಅನುಪಾತ ಹೆಚ್ಚಿದಷ್ಟೂ ಅದೇ ಸರಣಿಯ ಪಿಟಿಒ ತಾಳುವ ಟಾರ್ಕ್ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಚಾಲಕ ಅರಿವಿಲ್ಲದೆ ಆಕ್ಸಿಲರೇಟರ್ ತುಳಿದು ಎಂಜಿನ್ 2000ಕ್ಕೆ ಹೋದರೆ ಮೊದಲ ಪಂಪ್ 1600 ಸುತ್ತುತ್ತದೆ, ಎರಡನೆಯದು 3000. ಟಿಪ್ಪರಿನಂಥ ಕೆಲಸದಲ್ಲಿ, ಬೇರೆ ಬೇರೆ ಚಾಲಕರ ಕೈಗೆ ಹೋಗುವ ಲಾರಿಯಲ್ಲಿ, ನಾನು ನಿಧಾನವಾಗಿ ತಿರುಗುವ ದೊಡ್ಡ ಪಂಪನ್ನೇ ಆರಿಸುತ್ತೇನೆ. ಎಂಜಿನ್ ವೇಗವನ್ನು ಒಂದೇ ಕಡೆ ಹಿಡಿದು ನಿಲ್ಲಿಸುವ ವ್ಯವಸ್ಥೆ ಇರುವ, ಒಬ್ಬನೇ ನುರಿತ ಆಪರೇಟರ್ ಇರುವ ಲಾರಿಯಲ್ಲಿ ಎರಡನೆಯದು ಚೆನ್ನ. ಎಂಜಿನ್ ಕಡಿಮೆ ವೇಗದಲ್ಲೇ ಕೆಲಸ ಮುಗಿಸುತ್ತದೆ, ಡೀಸೆಲ್ಲೂ ಉಳಿಯುತ್ತದೆ.

ಎರಡನೆಯ ಪ್ರಶ್ನೆ, ಅಂದರೆ ಎಷ್ಟು ಹೊತ್ತು ಎಂಬುದು, ಇಲ್ಲಿ ಬಂದು ಸೇರುತ್ತದೆ. ತಯಾರಕರ ಪಟ್ಟಿಯಲ್ಲಿ ಬರೆದಿರುವ ಟಾರ್ಕ್ ಬಹುಪಾಲು ಬಿಟ್ಟು ಬಿಟ್ಟು ಮಾಡುವ ಕೆಲಸಕ್ಕೆ. ಪ್ರತಿ 15 ನಿಮಿಷದಲ್ಲಿ 5 ನಿಮಿಷ ಮೀರಿ ಪೂರ್ತಿ ಹೊರೆ ಬಿದ್ದರೆ ಅದನ್ನು ನಿರಂತರ ಕೆಲಸ ಎಂದು ಎಣಿಸುವುದು ವಾಡಿಕೆ, ಆಗ ಬರೆದಿರುವುದರಲ್ಲಿ ಶೇ. 70 ಮಾತ್ರ ಲೆಕ್ಕಕ್ಕೆ. 340 ಎಂದು ಬರೆದಿರುವ ಪಿಟಿಒ ನಿರಂತರ ಕೆಲಸಕ್ಕೆ 238 ಮಾತ್ರ. ಮೇಲಿನ 286ರ ಹೊರೆ ಟಿಪ್ಪರ್‌ಗೆ ನಡೆಯುತ್ತದೆ, ಗಂಟೆಗಟ್ಟಲೆ ಜೆಟ್ಟಿಂಗ್ (ಒತ್ತಡದ ನೀರಿನಿಂದ ಚರಂಡಿ ತೊಳೆಯುವುದು) ಮಾಡುವ ಲಾರಿಗೆ ನಡೆಯುವುದಿಲ್ಲ. ಮುರಿದ ಪಿಟಿಒಗಳನ್ನು ಬಿಚ್ಚಿದಾಗ ನನಗೆ ಹೆಚ್ಚಾಗಿ ಕಂಡಿರುವುದು ಈ ಒಂದು ಸಾಲನ್ನು ಓದದೆ ಕೊಂಡದ್ದರ ಫಲ: ಬೇರಿಂಗ್ ನೀಲಿಗಟ್ಟಿರುತ್ತದೆ, ಗೇರಿನ ಹಲ್ಲಿನ ಮೇಲೆ ಚುಕ್ಕಿ ಚುಕ್ಕಿ ಗುಳಿ.

ಅಗ್ನಿಶಾಮಕ ಪಂಪಿಗೂ ಇದೇ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 3000 ಲೀಟರ್, 10 ಬಾರ್ ಎಂದರೆ ನೀರಿಗೆ ಸೇರುವ ಶಕ್ತಿ 50 ಕಿಲೋವ್ಯಾಟ್. ಪಂಪಿನ ದಕ್ಷತೆ ಶೇ. 62 ಎಂದರೂ ಶಾಫ್ಟಿಗೆ 80 ಬೇಕು. ಕಿಲೋವ್ಯಾಟನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ, 1500 ಸುತ್ತಿನಲ್ಲಿ ಸುಮಾರು 509 ನ್ಯೂಟನ್ ಮೀಟರ್. ಬೆಂಕಿ ಆರುವ ತನಕ ಬಿಡದೆ ನಡೆಯಬೇಕಾದ್ದರಿಂದ ಶೇ. 70ರ ನಿಯಮ ಹಚ್ಚಿದರೆ ಪಟ್ಟಿಯಲ್ಲಿ 728 ಎಂದು ಬರೆದಿರುವ ಪಿಟಿಒ ಬೇಕು. ಪಕ್ಕದ 6 ಬೋಲ್ಟಿನದು ಇಲ್ಲಿ ಮಾತಿಗೂ ಬರುವುದಿಲ್ಲ.

ಹಾಕುವುದು, ಬಿಡಿಸುವುದು

ಲಿವರ್ ಅಥವಾ ಕೇಬಲ್, ಗಾಳಿ, ಕ್ಲಚ್ ಪ್ಯಾಕ್ ಎಂದು ಮುಖ್ಯವಾಗಿ ಮೂರು ಬಗೆ. ಗಾಳಿ ಬ್ರೇಕಿನ ಲಾರಿಗೆ ಗಾಳಿಯಿಂದ ಹಾಕುವ ಪಿಟಿಒ ಸಹಜ. ಇವುಗಳಲ್ಲಿ ಗೇರು ಜಾರಿ ಬಂದು ಕಚ್ಚಿಕೊಳ್ಳುವುದರಿಂದ ಒಳಗಿನ ಶಾಫ್ಟ್ ನಿಂತಿರಬೇಕು. ಕ್ಲಚ್ ಒತ್ತಿ, ನಾಲ್ಕೈದು ಸೆಕೆಂಡ್ ತಡೆದು, ಆಮೇಲೆ ಸ್ವಿಚ್ ಹಾಕಬೇಕು. ಕರ್ ಎಂಬ ಸದ್ದು ಬಂದರೆ ಅವಸರವಾಯಿತು ಎಂದರ್ಥ. ದಿನಕ್ಕೆ ನೂರಾರು ಸಲ ಹಾಕಿ ಬಿಡಿಸುವ ಕಾಂಪ್ಯಾಕ್ಟರ್‌ಗೆ, ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಕ್ಲಚ್ ಪ್ಯಾಕ್ ಇರುವುದನ್ನೇ ತೆಗೆದುಕೊಳ್ಳಿ. ಅದರಲ್ಲಿ ತಟ್ಟೆಗಳು ಎಣ್ಣೆಯ ಒತ್ತಡದಲ್ಲಿ ಒಂದಕ್ಕೊಂದು ಅಪ್ಪಿಕೊಳ್ಳುತ್ತವೆ, ಹಲ್ಲು ಹಲ್ಲಿಗೆ ಬಡಿಯುವ ಪ್ರಶ್ನೆ ಇಲ್ಲ. ವೇಗ ಮಿತಿ ಮೀರಿದರೆ ತಾನೇ ಬಿಡಿಸಿಕೊಳ್ಳುವ ಓವರ್‌ಸ್ಪೀಡ್ ಕಂಟ್ರೋಲನ್ನು ಇದಕ್ಕೆ ಸೇರಿಸಬಹುದು, ಸೇರಿಸಿ ಎಂದೇ ನನ್ನ ಒತ್ತಾಯ.

ಪಂಪ್ ಜೋಡಣೆ ಮತ್ತು ಕೆಂಪು ಪುಡಿ

ಪಂಪನ್ನು ಪಿಟಿಒಗೇ ನೇರ ಕೂರಿಸಬಹುದು, ಅಥವಾ ಜಾಯಿಂಟ್ ಶಾಫ್ಟ್ ಹಾಕಿ ದೂರ ಕೂರಿಸಬಹುದು. ಜಾಗವಿದ್ದರೆ, ಪಂಪ್ ಬಹಳ ಭಾರವಲ್ಲದಿದ್ದರೆ ನೇರ ಜೋಡಣೆಯೇ ಲೇಸು. ತಿರುಗುವ ತೆರೆದ ಶಾಫ್ಟ್ ಇಲ್ಲ, ಗ್ರೀಸ್ ಹಾಕುವ ಜಾಯಿಂಟ್ ಇಲ್ಲ. ನಾಲ್ಕು ಬೋಲ್ಟಿನ ಐಎಸ್‌ಒ 7653 ಫ್ಲಾಂಜ್ (ಬೋಲ್ಟ್ ಬಿಗಿಯುವ ಅಂಚು) ಮತ್ತು ಎಂಟು ಹಲ್ಲಿನ ಡಿಐಎನ್ 5462 ಶಾಫ್ಟ್ ಲಾರಿ ಪಂಪುಗಳಲ್ಲಿ ವ್ಯಾಪಕ. ಪಿಟಿಒ ಮತ್ತು ಪಂಪ್ ಎರಡೂ ಅದೇ ಅಳತೆಯವೇ ಎಂದು ಕಾಗದದಲ್ಲಿ ನೋಡಿಕೊಳ್ಳಿ. ಭಾರದ ಪಂಪ್ ಆದರೆ ಹಿಂಬದಿಗೆ ಬ್ರಾಕೆಟ್ ಕೊಟ್ಟು ಗೇರ್‌ಬಾಕ್ಸಿಗೇ ಆತು ನಿಲ್ಲಿಸಬೇಕು. ಚಾಸಿಗೆ ಕಟ್ಟಿದರೆ ಗೇರ್‌ಬಾಕ್ಸ್ ಒಂದು ಕಡೆ, ಚಾಸಿ ಒಂದು ಕಡೆ ಅಲುಗಾಡಿ ಫ್ಲಾಂಜ್ ಬಿರುಕು ಬಿಡುತ್ತದೆ.

ನೇರ ಜೋಡಣೆಯ ಪಂಪನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಿ. ನಾನು ಬಿಚ್ಚಿದ ಒಂದು ಪಂಪಿನ ಶಾಫ್ಟಿನ ಹಲ್ಲುಗಳ ಮೇಲೆ ಇಟ್ಟಿಗೆ ಪುಡಿಯಂಥ ಕೆಂಪು ಪುಡಿ ಮೆತ್ತಿಕೊಂಡಿತ್ತು. ಬಟ್ಟೆಯಲ್ಲಿ ಒರೆಸಿದಾಗ ಚೌಕಾಗಿರಬೇಕಾದ ಹಲ್ಲುಗಳು ಒಂದು ಪಕ್ಕಕ್ಕೆ ಚೂಪಾಗಿ ಸವೆದಿದ್ದವು, ಬೆರಳಿಗೆ ಚುಚ್ಚುವಷ್ಟು. ಎಂಜಿನ್ನಿನ ನಡುಕಕ್ಕೆ ಎರಡು ಲೋಹಗಳು ಒಣದಾಗಿ ಸಣ್ಣಗೆ ಉಜ್ಜಿಕೊಂಡು ಆಗುವ ಸವೆತ ಇದು. ಕೂರಿಸುವಾಗ ಹಚ್ಚಿದ ಗ್ರೀಸ್ ಕೆಲವು ತಿಂಗಳಲ್ಲಿ ಒಣಗಿ ಹೋಗಿರುತ್ತದೆ. ದಿನವಿಡೀ ದುಡಿಯುವ ಲಾರಿಗೆ ಹಲ್ಲುಗಳ ಮೇಲೆ ಸದಾ ಎಣ್ಣೆ ಹರಿಯುವ ವೆಟ್ ಸ್ಪ್ಲೈನ್ ಬಗೆಯನ್ನು ಕೇಳಿ ಪಡೆಯಿರಿ.

ದಿಕ್ಕಿನ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಹಳೆಯ ಲಾರಿಯಿಂದ ತೆಗೆದ ಒಳ್ಳೆಯ ಗೇರ್ ಪಂಪನ್ನು ಹೊಸ ಲಾರಿಗೆ ಕೂರಿಸಿದ್ದೆ. ಹಳೆಯ ಪಿಟಿಒ ಎಂಜಿನ್ ತಿರುಗುವ ದಿಕ್ಕಿಗೇ ತಿರುಗುತ್ತಿತ್ತು, ಹೊಸದು ಅದರ ವಿರುದ್ಧ. ಚಾಲೂ ಮಾಡಿದ ಒಂದೇ ನಿಮಿಷದಲ್ಲಿ ಶಾಫ್ಟ್ ಸೀಲ್ ಹೊರಕ್ಕೆ ಹಾರಿ ಎಣ್ಣೆ ನೆಲದ ಪಾಲಾಯಿತು. ಒಂದೇ ದಿಕ್ಕಿನ ಗೇರ್ ಪಂಪಿನಲ್ಲಿ ಸೀಲಿನ ಹಿಂಬದಿ ಹೀರುವ ಕಡೆಗೆ ಸೇರಿರುತ್ತದೆ. ದಿಕ್ಕು ತಿರುವುಮುರುವಾದರೆ ಆ ಕಡೆಗೆ ಪೂರ್ತಿ ಒತ್ತಡ ಬೀಳುತ್ತದೆ, ಅಷ್ಟು ತಾಳಲು ಆ ಸೀಲನ್ನು ಮಾಡಿರುವುದಿಲ್ಲ. ಅಂದಿನಿಂದ ಪಂಪ್ ಕೂರಿಸುವ ಮುಂಚೆ ಪಿಟಿಒದ ಹೊರ ಶಾಫ್ಟ್ ಯಾವ ದಿಕ್ಕಿಗೆ ತಿರುಗುತ್ತದೆ ಎಂದು ಸೀಮೆಸುಣ್ಣದಲ್ಲಿ ಬಾಣ ಬರೆದಿಡುತ್ತೇನೆ.

ಯಾವ ಲಾರಿಗೆ ಯಾವುದು

ಟಿಪ್ಪರ್‌ಗೆ ಪಕ್ಕದ ಅಥವಾ ಹಿಂಬದಿಯ ಗೇರ್‌ಬಾಕ್ಸ್ ಪಿಟಿಒ, ಗೇರ್ ಪಂಪ್. ಹೆಚ್ಚು ಯೋಚಿಸುವುದು ಬೇಡ. ಲಾರಿ ಮೇಲಿನ ಕ್ರೇನ್‌ಗೂ ಗೇರ್‌ಬಾಕ್ಸ್ ಪಿಟಿಒ ಸಾಕು, ಪಂಪ್ ಮಾತ್ರ ಹರಿವು ಬದಲಿಸುವ ಪಿಸ್ಟನ್ ಬಗೆಯದಾದರೆ ಎಣ್ಣೆ ಬಿಸಿಯಾಗದು.

ಸಿಮೆಂಟ್ ಪುಡಿ ಸಾಗಿಸುವ ಬಲ್ಕರ್ ನೋಡಲು ಸುಲಭದ ಕೆಲಸ, ಪಿಟಿಒಗೆ ಅಲ್ಲ. ಗಾಳಿಯ ಒತ್ತಡ ಎರಡು ಬಾರ್ ಆಸುಪಾಸು ಅಷ್ಟೇ, ಆದರೆ ಕಂಪ್ರೆಸರ್ ಮುಕ್ಕಾಲು ಗಂಟೆ, ಒಂದು ಗಂಟೆ ಬಿಡದೆ ತಿರುಗಬೇಕು, ಅದೂ ತನಗೆ ಗೊತ್ತುಪಡಿಸಿದ ವೇಗದಲ್ಲೇ. ಅನುಪಾತವನ್ನು ಕಂಪ್ರೆಸರಿನ ವೇಗಕ್ಕೆ ಹೊಂದಿಸಿಯೇ ಆರಿಸಬೇಕು. ನಿರಂತರ ಕೆಲಸದ ಲೆಕ್ಕ ಇಲ್ಲಿ ತಪ್ಪಬಾರದು. ಕೊಳಚೆ ಹೀರಿ, ಒತ್ತಡದ ನೀರಿನಿಂದ ಚರಂಡಿ ತೊಳೆಯುವ ಜೋಡಿ ಕೆಲಸದ ಲಾರಿಗೆ ವ್ಯಾಕ್ಯೂಮ್ ಪಂಪಿಗೊಂದು, ನೀರಿನ ಪಂಪಿಗೊಂದು ಎಂದು ಎರಡು ಪಿಟಿಒ ಅಥವಾ ಒಂದೇ ಸ್ಪ್ಲಿಟ್ ಶಾಫ್ಟಿನ ಎರಡು ಹೊರ ಶಾಫ್ಟ್ ಬೇಕು. ಎರಡೂ ಪಂಪ್ ಒಟ್ಟಿಗೆ ನಡೆಯುವಾಗಿನ ಹೊರೆಯನ್ನು ಕೂಡಿಸಿ ನೋಡದೆ ಆರ್ಡರ್ ಕೊಡಬೇಡಿ. ಮಿಕ್ಸರ್, ಓಡುತ್ತಲೇ ಒತ್ತುವ ಕಾಂಪ್ಯಾಕ್ಟರ್ ಎರಡಕ್ಕೂ ಎಂಜಿನ್ ಕಡೆಯದು. ಬೋರ್‌ವೆಲ್ ರಿಗ್‌ಗೆ ಸ್ಪ್ಲಿಟ್ ಶಾಫ್ಟ್, ಇಲ್ಲವೇ ಬೇರೆ ಎಂಜಿನ್.

ಇವೆಲ್ಲಕ್ಕೂ ಒಂದು ಗಂಟೆ ಮೀಟರ್ ಹಾಕಿಸಿ. ನಿಂತು ದುಡಿದ ಹೊತ್ತು ಓಡೊಮೀಟರಿಗೆ ಕಾಣುವುದಿಲ್ಲ. ಕಿಲೋಮೀಟರ್ ನೋಡಿ ಎಂಜಿನ್ ಆಯಿಲ್ ಬದಲಿಸುವ ಜೆಟ್ಟಿಂಗ್ ಲಾರಿಯ ಆಯಿಲ್ ಯಾವತ್ತೋ ಸತ್ತಿರುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಎಂಜಿನ್ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ನಡೆದರೆ ಹೊಗೆಯ ಬಿಸಿ ಸಾಲದೆ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ, ಹಾಗಾಗಿ ಪಿಟಿಒ ನಡೆಯುವಾಗಲೇ ಮಸಿ ಸುಡುವ ಸೌಲಭ್ಯ ಇದೆಯೇ ಎಂದೂ ಕೇಳಿಕೊಳ್ಳಿ.

ಪ್ರಾಣಕ್ಕೆ ಸಂಬಂಧಿಸಿದ್ದು

ಟಿಪ್ಪರ್ ಖಾಲಿ ಮಾಡಿ ಪಿಟಿಒ ಬಿಡಿಸುವುದನ್ನು ಮರೆತು ಹೊರಟರೆ ಪಂಪ್ ತಿರುಗುತ್ತಲೇ ಇರುತ್ತದೆ. ಎಣ್ಣೆ ಸುತ್ತು ಹೊಡೆದು ಕಾಯುತ್ತದೆ, ಪಂಪ್ ಹಿಡಿದುಕೊಳ್ಳುತ್ತದೆ. ಅದು ದುಡ್ಡಿನ ನಷ್ಟ. ಅದಕ್ಕಿಂತ ಕೆಟ್ಟದ್ದು, ಕಂಟ್ರೋಲ್ ವಾಲ್ವ್ ಸ್ವಲ್ಪ ಸರಿದಿದ್ದರೂ ತೊಟ್ಟಿ ಮೆಲ್ಲಗೆ ಮೇಲೇಳತೊಡಗುತ್ತದೆ. ಚಾಲಕನಿಗೆ ಗೊತ್ತಾಗುವಷ್ಟರಲ್ಲಿ ಎದುರಿಗೆ ಸೇತುವೆಯೋ ವಿದ್ಯುತ್ ತಂತಿಯೋ ಬಂದಿರುತ್ತದೆ. ಪಿಟಿಒ ಹಾಕಿದ್ದರೆ ಕ್ಯಾಬಿನ್ನಿನಲ್ಲಿ ಕೆಂಪು ದೀಪ ಉರಿಯಬೇಕು, ತೊಟ್ಟಿ ಎದ್ದಿದ್ದರೆ ಬಜರ್ ಕೂಗಬೇಕು, ಹ್ಯಾಂಡ್ ಬ್ರೇಕ್ ಎಳೆಯದೆ ಪಿಟಿಒ ಬೀಳಬಾರದು. ಈ ಮೂರಕ್ಕೆ ತಗಲುವ ಖರ್ಚು ಒಂದು ಪಂಪಿನ ಬೆಲೆಯ ಮುಂದೆ ಏನೇನೂ ಅಲ್ಲ. ದೀಪದ ಬಲ್ಬ್ ಸುಟ್ಟಿದೆ, ಆಮೇಲೆ ಹಾಕಿಸೋಣ ಎಂದು ಓಡಿಸುವ ಲಾರಿಗಳನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಎಂಜಿನ್ ನಡೆಯುತ್ತಿರುವಾಗ ಪಿಟಿಒ ಶಾಫ್ಟ್ ಹತ್ತಿರ ಲಾರಿಯ ಕೆಳಗೆ ಯಾರೂ ಹೋಗಬಾರದು. ಜಾಯಿಂಟ್ ಶಾಫ್ಟಿನ ಒಂದು ಗ್ರೀಸ್ ನಿಪ್ಪಲ್ ಸಾಕು, ಸಡಿಲ ತೋಳನ್ನು ಹಿಡಿದು ಸುತ್ತಿಕೊಳ್ಳಲು. 1000 ಆರ್‌ಪಿಎಂ ಎಂದರೆ ಸೆಕೆಂಡಿಗೆ ಹದಿನಾರಕ್ಕೂ ಹೆಚ್ಚು ಸುತ್ತು, ಕೈ ಎಳೆದುಕೊಳ್ಳಲು ಸಮಯವೇ ಸಿಗುವುದಿಲ್ಲ. ತೊಟ್ಟಿ ಎತ್ತಿ ಕೆಳಗೆ ಕೆಲಸ ಮಾಡುವಾಗ ಹೈಡ್ರಾಲಿಕ್ ಜಾಕನ್ನು ನಂಬಬೇಡಿ, ಕಬ್ಬಿಣದ ಊರುಗೋಲು ಕೊಟ್ಟೇ ಕೈ ಹಾಕಿ.

ಲಾರಿ ಕೈಗೆ ಬಂದ ದಿನ

ಮೊದಲು ಎಣ್ಣೆ ಟ್ಯಾಂಕಿನಿಂದ ಪಂಪಿಗೆ ಬರುವ ವಾಲ್ವ್ ತೆರೆದಿದೆಯೇ ನೋಡಿ. ಮುಚ್ಚಿದ ವಾಲ್ವಿನಲ್ಲಿ ಪಂಪ್ ತಿರುಗಿಸಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಪಿಟಿಒ ಕೂರಿಸಿದ ಮೇಲೆ ಗೇರ್‌ಬಾಕ್ಸಿನ ಎಣ್ಣೆ ಮಟ್ಟ ಇಳಿದಿರುತ್ತದೆ, ತುಂಬಿಸಿದ್ದಾರೆಯೇ ಪರೀಕ್ಷಿಸಿ. ಹೊರೆ ಇಲ್ಲದೆ ಐದು ನಿಮಿಷ ಓಡಿಸಿ, ಸದ್ದು ಕೇಳಿ, ಸೋರಿಕೆ ನೋಡಿ. ಆಮೇಲೆ ಅರ್ಧ ಹೊರೆ, ಆಮೇಲೆ ಪೂರ್ತಿ. ಎಂಜಿನ್ ನಿಲ್ಲಿಸಿ, ಪಿಟಿಒ ಮೇಲೆ ಅಂಟಿಸಿರುವ ಫಲಕದ ಮಾದರಿ ಸಂಖ್ಯೆ ಮತ್ತು ಅನುಪಾತವನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ವರ್ಷದ ನಂತರ ಆ ಫಲಕ ಮಣ್ಣು ಗ್ರೀಸಿನಡಿ ಕಾಣುವುದಿಲ್ಲ. ಮೊದಲ ವಾರ ಕಳೆದ ಮೇಲೆ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಮತ್ತೊಮ್ಮೆ ಬಿಗಿಸಿ. ಹೊಸ ಪ್ಯಾಕಿಂಗ್ ಕೂತು ಸ್ವಲ್ಪ ತೆಳುವಾಗಿರುತ್ತದೆ, ಬೋಲ್ಟ್ ಕಾಲು ಸುತ್ತಾದರೂ ತಿರುಗುವುದು ಆಗ ನಿಮ್ಮ ಕೈಗೇ ಗೊತ್ತಾಗುತ್ತದೆ.